ಊರಿನ ಗೋಡೆಗೆ ಯಾರ ಚಿತ್ರ, ಯಾರ ಹಣ?

ಪ್ರಶ್ನೆ: ನಾನು ಚಿಕ್ಕಮಗಳೂರಿನ ನಿವೃತ್ತ ಶಿಕ್ಷಕಿ. ಪಟ್ಟಣದ ಅಂದ ಹೆಚ್ಚಿಸಲೆಂದು ನಮ್ಮ ರಸ್ತೆಯುದ್ದಕ್ಕೂ ಗೋಡೆಗಳ ಮೇಲೆ ಚಿತ್ರ ಬರೆಸಿದ್ದಾರೆ. ಕಾಫಿ ಬಟ್ಟಲು, ಗೋಪುರ, ಹುಲಿ, ಜಲಪಾತ ಇವಿಷ್ಟೇ ಇವೆ. ಜಿಲ್ಲೆಯ ಹಲವು ಶಾಲೆಗಳಲ್ಲಿ ನಾನು ಪಾಠ ಹೇಳಿದ ಮಕ್ಕಳು ತೋಟದ ಕೂಲಿಕಾರರ ಲೈನ್ ಮನೆಗಳಿಂದ, ಲಂಬಾಣಿ ತಾಂಡಾಗಳಿಂದ, ಮಲೆನಾಡಿನ ಬುಡಕಟ್ಟಿನವರಾದ ಹಸಲರ ಕೇರಿಗಳಿಂದ ಬಂದವರು. ಅವರ ಬದುಕೂ ಈ ಗೋಡೆಗಳ ಮೇಲೆ ಬರಬೇಕೆಂದರೆ ಹಣ ಎಲ್ಲಿಂದ ಬರುತ್ತದೆ, ಯಾರನ್ನು ಕೇಳಬೇಕು?

ಉತ್ತರ: ಹಣದ ವಿಷಯವನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ‘ಅನುದಾನವಿಲ್ಲ’ ಎಂಬ ಒಂದು ಮಾತಿಗೆ ಇಂಥ ಬೇಡಿಕೆಗಳು ಸುಮ್ಮನಾಗಿಬಿಡುತ್ತವೆ. ನಿಮ್ಮ ರಸ್ತೆಯ ಗೋಡೆಗಳಿಗೆ ಈಗಾಗಲೇ ಚಿತ್ರ ಬರೆಸಿದ್ದಾರೆಂದರೆ ಹಣ ಇತ್ತೆಂದೇ ಅರ್ಥ. ಅದು ಯಾವ ಲೆಕ್ಕಶೀರ್ಷಿಕೆಯಿಂದ (ಆಯವ್ಯಯದಲ್ಲಿ ಒಂದೊಂದು ಬಗೆಯ ಖರ್ಚಿಗೆ ಇಡುವ ಬಾಬ್ತು) ಬಂತು, ಚಿತ್ರಗಳನ್ನು ಆಯ್ಕೆ ಮಾಡಿದವರು ಯಾರು, ಅಂದಾಜುಪಟ್ಟಿಯಲ್ಲಿ ಏನಿತ್ತು ಎಂಬುದನ್ನು ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ 10 ರೂಪಾಯಿ ಶುಲ್ಕ ಕಟ್ಟಿ, ಚಿತ್ರ ಬರೆಸಿದ ಕಚೇರಿಯವರನ್ನು ಕೇಳಿರಿ. ಉತ್ತರ ಕೊಡಲು ಅವರಿಗೆ 30 ದಿನಗಳ ಅವಧಿ ಇರುತ್ತದೆ. ಆ ಉತ್ತರ ಕೈಯಲ್ಲಿದ್ದರೆ ನಿಮ್ಮ ಮುಂದಿನ ಮಾತಿಗೆ ತೂಕ ಬರುತ್ತದೆ.

ಸ್ಥಳೀಯ ಸಂಸ್ಥೆಗಳು ಆಯವ್ಯಯ ಸಿದ್ಧಪಡಿಸುವ ಮುನ್ನ ಸಾರ್ವಜನಿಕರ ಸಲಹೆ ಪಡೆಯಲು ಪೂರ್ವಭಾವಿ ಸಭೆ ಕರೆಯುವ ರೂಢಿ ನಮ್ಮಲ್ಲಿದೆ. ಆರ್ಥಿಕ ವರ್ಷ ಏಪ್ರಿಲ್ 1ರಂದು ಆರಂಭವಾಗುವುದರಿಂದ ಚಳಿಗಾಲದಲ್ಲಿ ನಡೆಯುವ ಆ ಸಭೆಗೆ ಬರಿಗೈಯಲ್ಲಿ ಹೋಗದೆ, ಯಾವ ಗೋಡೆ, ಎಷ್ಟು ಅಡಿ, ಯಾವ ಸಮುದಾಯದ ಯಾವ ಕಥೆ, ಅಂದಾಜು ವೆಚ್ಚವೆಷ್ಟು ಎಂಬುದನ್ನು ಬರೆದ ಎರಡು ಪುಟಗಳ ಮನವಿಯನ್ನು ಕೊಂಡೊಯ್ಯಿರಿ. ಸಾರ್ವಜನಿಕ ಕಲೆಗೆಂದೇ ಪ್ರತ್ಯೇಕ ಲೆಕ್ಕಶೀರ್ಷಿಕೆ ಇರಬೇಕೆಂದು ಒತ್ತಾಯಿಸಿರಿ. ಮೊತ್ತ ಸಣ್ಣದಾದರೂ ಚಿಂತೆಯಿಲ್ಲ, ಒಮ್ಮೆ ಶೀರ್ಷಿಕೆ ತೆರೆದರೆ ಮುಂದಿನ ವರ್ಷಗಳಲ್ಲಿ ಕೇಳಲು ಒಂದು ಜಾಗ ಸಿಕ್ಕಂತಾಗುತ್ತದೆ. ಫ್ರಾನ್ಸ್ ದೇಶದಲ್ಲಿ ಸರ್ಕಾರಿ ಶಾಲಾ ಕಟ್ಟಡಗಳ ವೆಚ್ಚದಲ್ಲಿ ಶೇ 1ರಷ್ಟನ್ನು ಕಲೆಗೆ ತೆಗೆದಿಡುವ ನಿಯಮ 1951ರಲ್ಲೇ ಬಂತು. ನಮ್ಮ ಬಸ್ ನಿಲ್ದಾಣ, ಮಾರುಕಟ್ಟೆ, ಆಸ್ಪತ್ರೆಗಳ ಅಂದಾಜುಪಟ್ಟಿಯಲ್ಲಿಯೂ ಅಂಥ ಒಂದು ಸಾಲನ್ನು ಸೇರಿಸಿ ಎಂದು ಕೇಳುವುದರಲ್ಲಿ ಅತಿಯಾಸೆಯೇನೂ ಇಲ್ಲ.

ಎರಡನೆಯ ದಾರಿ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿ. ಕಂಪನಿ ಅಧಿನಿಯಮ, 2013ರ 135ನೇ ಪ್ರಕರಣದ ವ್ಯಾಪ್ತಿಗೆ ಬರುವ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ವಿನಿಯೋಗಿಸಬೇಕು. ಯಾವ ಯಾವ ಕೆಲಸಕ್ಕೆ ಎಂದು ಹೇಳುವ ಅದೇ ಅಧಿನಿಯಮದ ಏಳನೇ ಅನುಸೂಚಿಯಲ್ಲಿ ಪರಂಪರೆ, ಕಲೆ, ಸಂಸ್ಕೃತಿ, ಸಾಂಪ್ರದಾಯಿಕ ಕಲೆ ಮತ್ತು ಕರಕುಶಲಗಳ ಉಲ್ಲೇಖ ಸ್ಪಷ್ಟವಾಗಿದೆ. ಆದರೆ ಆ ಹಣವನ್ನು ನೋಂದಾಯಿತ ಸಂಸ್ಥೆಯ ಮೂಲಕವೇ ಪಡೆಯಬೇಕಾಗುತ್ತದೆ. ಹೊಸ ಸಂಘ ಕಟ್ಟುವುದಕ್ಕಿಂತ ಮೂರು ವರ್ಷಗಳ ಕೆಲಸದ ದಾಖಲೆಯಿರುವ ಟ್ರಸ್ಟ್ ಒಂದರ ಜೊತೆ ಕೈಜೋಡಿಸುವುದು ಸುಲಭ. ಇನ್ನು ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯಕ್ಕೆ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿರಿ.

ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಸ್ಥಳೀಯ ಸಂಸ್ಥೆಗಳು ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಕಲ್ಯಾಣಕ್ಕೆ ತೆಗೆದಿಡುವ ಶೇ 24.10ರ ನಿಧಿಯಿಂದ ಈ ಚಿತ್ರಗಳನ್ನು ಬರೆಸೋಣ ಎಂದು ಯಾರಾದರೂ ಸೂಚಿಸಿದರೆ ಒಪ್ಪಬೇಡಿರಿ. ಅದು ಮನೆ, ನೀರು, ಓದಿಗೆ ಸಲ್ಲಬೇಕಾದ ಹಣ. ಹಸಲರ ಚಿತ್ರವನ್ನು ಹಸಲರ ಮಕ್ಕಳ ಪುಸ್ತಕದ ಹಣದಿಂದಲೇ ಬರೆಸುವುದು ಅನ್ಯಾಯ.

ಹಣ ಸಿಕ್ಕ ಮೇಲೆ ಬರುವ ಪ್ರಶ್ನೆ ನನ್ನ ಮಟ್ಟಿಗೆ ಇನ್ನೂ ದೊಡ್ಡದು. ತಾಂಡಾದವರ ಚಿತ್ರವೆಂದರೆ ಕನ್ನಡಿ ಹೊಲಿದ ಲಂಗದ ಹೆಂಗಸು, ಕಡೂರು ಸೀಮೆಯವರೆಂದರೆ ವೀರಗಾಸೆ, ಮಲೆನಾಡಿನವರೆಂದರೆ ಸುಗ್ಗಿ ಕುಣಿತ ಎಂದು ಹೊರಗಿನವರೇ ತೀರ್ಮಾನಿಸಿಬಿಟ್ಟರೆ, ಹುಲಿ ಮತ್ತು ಜಲಪಾತಗಳ ಪಕ್ಕಕ್ಕೆ ಇನ್ನೊಂದು ಅಲಂಕಾರ ಸೇರುತ್ತದೆ, ಅಷ್ಟೇ. ಬಾಬಾಬುಡನ್ ಯೆಮೆನ್‌ನಿಂದ ಏಳು ಕಾಫಿ ಬೀಜ ತಂದ ಐತಿಹ್ಯ ನಮಗೆಲ್ಲ ಗೊತ್ತು. ಆ ಬೀಜ ತೋಟವಾಗುವಂತೆ ಕಾಡಿನ ಇಳಿಜಾರಿನಲ್ಲಿ ಗುಂಡಿ ತೋಡಿದವರ, ಘಟ್ಟದ ಕೆಳಗಿನಿಂದಲೂ ತಮಿಳು ಸೀಮೆಯಿಂದಲೂ ಬಂದು ಹಣ್ಣು ಕುಯ್ದವರ ಮೊಮ್ಮಕ್ಕಳು ಇಂದಿಗೂ ಲೈನ್ ಮನೆಗಳಲ್ಲಿದ್ದಾರೆ. ಅವರ ಅಂಗಳಕ್ಕೆ ಹೋಗಿ, ನಿಮ್ಮ ಯಾವ ನೆನಪು ಊರಿನ ನಡುವೆ ನಿಲ್ಲಬೇಕು ಎಂದು ಕೇಳುವ ಎರಡು ಮೂರು ಸಭೆಗಳ ಖರ್ಚನ್ನೂ, ಅಲ್ಲಿ ಮಾತನಾಡಲು ಬರುವವರ ಒಂದು ದಿನದ ಕೂಲಿಯನ್ನೂ ಅಂದಾಜುಪಟ್ಟಿಯಲ್ಲಿಯೇ ಸೇರಿಸಿರಿ.

ನಿರ್ವಹಣೆಯನ್ನು ಮರೆಯಬೇಡಿರಿ. ಹಿಂಬದಿಯಲ್ಲಿ ಮಣ್ಣು ತುಂಬಿದ ತಡೆಗೋಡೆಯ ಮೇಲೆ ಬರೆದ ಚಿತ್ರ ಒಳಗಿನಿಂದ ಒಸರುವ ತೇವಕ್ಕೆ ಹಕ್ಕಳೆಯೆದ್ದು ಉದುರುತ್ತದೆ. ಅಂಥ ಕಡೆ ಬಣ್ಣ ಬಿಟ್ಟು ಕಲ್ಲಿನ ಉಬ್ಬುಶಿಲ್ಪವನ್ನೋ ಸುಟ್ಟ ಮಣ್ಣಿನ ಬಿಲ್ಲೆಗಳನ್ನೋ ಬಳಸುವುದು ಲೇಸು. ದುಬಾರಿಯಾದರೂ ಬಾಳಿಕೆ ಬರುತ್ತದೆ, ಶಿಲ್ಪಿಗೂ ಕುಂಬಾರನಿಗೂ ಕೆಲಸ ಸಿಗುತ್ತದೆ.

ಪ್ರಶ್ನೆ: ಹಾಸನದ ನಮ್ಮ ಯುವಕ ಸಂಘ ಚಂದಾ ಎತ್ತಿ, ವೃತ್ತದಲ್ಲಿ ನಮ್ಮ ಸಮುದಾಯದ ಹಿರಿಯರೊಬ್ಬರ ಪ್ರತಿಮೆ ನಿಲ್ಲಿಸಬೇಕೆಂದಿದೆ. ಅನುಮತಿ ಯಾರು ಕೊಡುತ್ತಾರೆ?

ಉತ್ತರ: ವೃತ್ತದಲ್ಲಿ ಸಾಧ್ಯವಿಲ್ಲ. ಸಾರ್ವಜನಿಕ ರಸ್ತೆ, ಪಾದಚಾರಿ ಮಾರ್ಗ ಮುಂತಾದ ಸ್ಥಳಗಳಲ್ಲಿ ಪ್ರತಿಮೆ ಸ್ಥಾಪನೆಗೆ ಅನುಮತಿ ನೀಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲಿ ರಾಜ್ಯಗಳಿಗೆ ಆದೇಶಿಸಿದೆ. ಉದ್ಯಾನ, ಗ್ರಂಥಾಲಯದ ಆವರಣ, ಸಮುದಾಯ ಭವನದ ಅಂಗಳಗಳನ್ನು ಯೋಚಿಸಿರಿ. ಚಂದಾ ಎತ್ತುವ ಮುನ್ನವೇ ಸ್ಥಳವನ್ನು ಲಿಖಿತವಾಗಿ ಖಚಿತಪಡಿಸಿಕೊಳ್ಳಿರಿ. ಪ್ರತಿಮೆ ಸಿದ್ಧವಾಗಿ ಜಾಗ ಸಿಗದೆ ಹೋದಾಗ ಊರಿನಲ್ಲಿ ಮನಸ್ಸುಗಳು ಕೆಡುತ್ತವೆ.

ಪ್ರಶ್ನೆ: ಬೇಲೂರು ದೇವಾಲಯದ ಸಮೀಪದ ಖಾಲಿ ಜಾಗದಲ್ಲಿ ಶಿಲ್ಪಗಳ ಸಣ್ಣ ಉದ್ಯಾನ ಮಾಡಬಹುದೇ?

ಉತ್ತರ: ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್‌ವರೆಗೆ ಹೊಸ ನಿರ್ಮಾಣಕ್ಕೆ ನಿಷೇಧವಿದೆ; ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶವಾಗಿದ್ದು, ಅಲ್ಲಿ ಪೂರ್ವಾನುಮತಿ ಬೇಕು. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿರುವುದರಿಂದ ಈಗ ಇನ್ನಷ್ಟು ಎಚ್ಚರ ಅಗತ್ಯ. ನಿಮ್ಮ ಉದ್ಯಾನ ಹಲ್ಮಿಡಿಯ ಕಡೆಗೋ ಬೇರೆ ಹಳ್ಳಿಯ ಕೆರೆಯ ದಡಕ್ಕೋ ಸರಿದರೆ ಪ್ರವಾಸಿಗರ ನಾಲ್ಕು ಕಾಸು ಅಲ್ಲಿಗೂ ಹರಿಯುತ್ತದೆ.

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಶಿಲ್ಪಿ. ಸಾರ್ವಜನಿಕ ಉದ್ಯಾನವೊಂದರ ಕೆಲಸ ಕನಿಷ್ಠ ದರದ ಗುತ್ತಿಗೆದಾರರಿಗೆ ಹೋಯಿತು. ನಾನು ಕೂಲಿಗೆ ಕೆತ್ತಿದೆ. ನನ್ನ ಹೆಸರು ಎಲ್ಲಿಯೂ ಇಲ್ಲ. ಈಗ ಕಲ್ಲಿಗೆ ಎಣ್ಣೆ ಬಣ್ಣ ಬಳಿದಿದ್ದಾರೆ.

ಉತ್ತರ: ನಿಮ್ಮ ಪತ್ರ ಓದಿ ನೋವಾಯಿತು. ಒಂಬತ್ತು ಶತಮಾನಗಳ ಹಿಂದೆ ಬಳ್ಳಿಗಾವೆಯ ಶಿಲ್ಪಿ ದಾಸೋಜನೂ ಅವನ ಮಗ ಚಾವಣನೂ ಬೇಲೂರಿನ ಮದನಿಕೆಯರ ಕೆಳಗೆ ತಮ್ಮ ಹೆಸರನ್ನು ಕೊರೆದರು. ಹೊಯ್ಸಳರ ಕಾಲದ ಇನ್ನೊಬ್ಬ ಶಿಲ್ಪಿ ಮಲ್ಲಿತಮ್ಮನ ಹೆಸರು ಅಮೃತಾಪುರದಲ್ಲಿಯೂ ಸೋಮನಾಥಪುರದಲ್ಲಿಯೂ ಇದೆ. ಅದೇ ನೆಲದ ಶಿಲ್ಪಿಗೆ ಇಂದು ಹೆಸರಿಲ್ಲವೆಂಬುದನ್ನು ಒಪ್ಪಲಾಗದು.

ಕೃತಿಸ್ವಾಮ್ಯ ಅಧಿನಿಯಮ, 1957ರ 57ನೇ ಪ್ರಕರಣವು ಕೃತಿಯನ್ನು ಮಾರಿದ ಮೇಲೂ ಕಲಾವಿದನಿಗೆ ತನ್ನ ಹೆಸರಿನ ಹಕ್ಕನ್ನೂ, ತನ್ನ ಗೌರವಕ್ಕೆ ಕುಂದಾಗುವಂತೆ ಕೃತಿಯನ್ನು ವಿಕಾರಗೊಳಿಸಿದರೆ ಪ್ರಶ್ನಿಸುವ ಹಕ್ಕನ್ನೂ ಉಳಿಸುತ್ತದೆ. ದೆಹಲಿಯ ವಿಜ್ಞಾನ ಭವನದಲ್ಲಿದ್ದ ಶಿಲ್ಪಿ ಅಮರನಾಥ್ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಉಗ್ರಾಣಕ್ಕೆ ಹಾಕಲಾಗಿತ್ತು. 2005ರಲ್ಲಿ ದೆಹಲಿ ಹೈಕೋರ್ಟ್ ಆ ಕೃತಿಯನ್ನು ಅವರಿಗೆ ಮರಳಿಸಿ, 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು. ನಿಮ್ಮ ಕೆಲಸದ ಫೋಟೊ, ಕೂಲಿಯ ಚೀಟಿ, ಜೊತೆ ಕೆಲಸಗಾರರ ಹೇಳಿಕೆ ಇವನ್ನು ಕಳೆಯದೆ ಇಟ್ಟುಕೊಂಡು, ಬಣ್ಣ ತೆಗೆಸಿ ಹೆಸರು ಹಾಕುವಂತೆ ಮೊದಲು ಲಿಖಿತ ಮನವಿ ಕೊಡಿರಿ. ಫಲವಾಗದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಸಲಹೆ ಕೇಳಿರಿ.

ಮುಂದಿನ ಕೆಲಸಗಳಿಗಾಗಿ ನೀವು ಶಿಲ್ಪಿಗಳೆಲ್ಲ ಸೇರಿ ಒಂದು ಬೇಡಿಕೆಯನ್ನು ಮುಂದಿಡಬೇಕು: ಕಲಾಕೃತಿಯ ಟೆಂಡರ್ ಎರಡು ಲಕೋಟೆಗಳ ಪದ್ಧತಿಯಲ್ಲಿ ನಡೆಯಲಿ, ಮೊದಲ ಲಕೋಟೆಯಲ್ಲಿ ಮಾದರಿಯನ್ನೂ ಶಿಲ್ಪಿಯ ಹಿಂದಿನ ಕೆಲಸವನ್ನೂ ಬಲ್ಲವರು ಪರಿಶೀಲಿಸಿದ ಮೇಲಷ್ಟೇ ದರದ ಲಕೋಟೆ ತೆರೆಯಲಿ, ಶಿಲ್ಪಿಯ ಹೆಸರನ್ನು ಪೀಠದಲ್ಲಿ ಕೊರೆಯುವುದು ಕರಾರಿನ ಒಂದು ಷರತ್ತಾಗಲಿ. ರಾಜ್ಯದ ಸಾರ್ವಜನಿಕ ಸಂಗ್ರಹಣೆಯ ನಿಯಮಗಳಲ್ಲಿ ಎರಡು ಲಕೋಟೆಗಳಿಗೆ ಅವಕಾಶವಿದೆ. ಕೇಳುವವರಿಲ್ಲದೆ ಅದು ಕಲೆಯ ಕೆಲಸಗಳಿಗೆ ಬಳಕೆಯಾಗುತ್ತಿಲ್ಲವೆಂದು ನನ್ನ ಅನಿಸಿಕೆ.