ಆಲ್ಝೈಮರ್ಸ್‌ನ ಪ್ರತಿಕಾಯ ಚಿಕಿತ್ಸೆಗಾಗಿ ರಕ್ತ ತೆಳುವಾಗಿಸುವ ಮಾತ್ರೆಯನ್ನು ನಿಲ್ಲಿಸಬಹುದೇ?

ಏಟ್ರಿಯಲ್ ಫಿಬ್ರಿಲೇಷನ್‌ಗಾಗಿ (ಹೃದಯದೊಳಗೆ ರಕ್ತ ಹೆಪ್ಪುಗಟ್ಟಿಸಬಲ್ಲ ಹೃದಯ ಬಡಿತದ ಏರುಪೇರು) ಹೆಪ್ಪುಗಟ್ಟುವುದನ್ನು ತಡೆಯುವ ಅಪಿಕ್ಸಾಬಾನ್ ಸೇವಿಸುತ್ತಿರುವ ನಿಮ್ಮ ತಾಯಿಯವರಿಗೆ ಆಲ್ಝೈಮರ್ಸ್‌ನ ಪ್ರತಿಕಾಯ ಔಷಧ ಲೆಕಾನೆಮ್ಯಾಬ್ ಕೊಡಿಸಲು ಆ ಮಾತ್ರೆಯನ್ನು ನಿಲ್ಲಿಸಬಹುದೇ ಎಂದು ಕೇಳಿದ್ದೀರಿ. ನರರೋಗ ವೈದ್ಯೆಯಾಗಿ ಹೇಳುವುದಾದರೆ, ಇದೊಂದೇ ಕಾರಣಕ್ಕೆ ನಿಲ್ಲಿಸಬಾರದು. ನೀವಾಗಿಯೇ ಒಂದು ಹೊತ್ತಿನ ಮಾತ್ರೆಯನ್ನೂ ದಯವಿಟ್ಟು ತಪ್ಪಿಸಬೇಡಿ.

ಈ ಪ್ರತಿಕಾಯಗಳು ಆಲ್ಝೈಮರ್ಸ್‌ನಲ್ಲಿ ಮಿದುಳಿನಲ್ಲಿ ಶೇಖರವಾಗುವ ಅಮಿಲಾಯ್ಡ್ ಎಂಬ ಪ್ರೋಟೀನನ್ನು ತೆಗೆದುಹಾಕುತ್ತವೆ. ಆದರೆ ಅನೇಕರಲ್ಲಿ ಅಮಿಲಾಯ್ಡ್ ರಕ್ತನಾಳಗಳ ಗೋಡೆಯಲ್ಲೂ ಸೇರಿಕೊಂಡಿರುವುದರಿಂದ, ಅದು ಕರಗುವಾಗ ನಾಳಗಳು ಸೋರಿ ಬಾವು ಅಥವಾ ಸಣ್ಣ ರಕ್ತಸ್ರಾವ ಉಂಟಾಗಬಹುದು. 1,795 ಜನರ ಮೇಲೆ 18 ತಿಂಗಳು ನಡೆದ ಪ್ರಯೋಗದಲ್ಲಿ ಲೆಕಾನೆಮ್ಯಾಬ್ ಪಡೆದವರಲ್ಲಿ ಶೇ. 12.6ರಷ್ಟು ಮಂದಿಗೆ ಬಾವು, ಶೇ. 17.3ರಷ್ಟು ಮಂದಿಗೆ ರಕ್ತಸ್ರಾವದ ಗುರುತು ಕಂಡಿತು. ಹೆಚ್ಚಿನವು ಯಾವ ಲಕ್ಷಣವೂ ಇಲ್ಲದೆ ಎಂಆರ್‌ಐನಲ್ಲಷ್ಟೇ ತಿಳಿದುಬಂದವು. ಆದರೆ ಅಪಿಕ್ಸಾಬಾನ್‌ನಂಥ ಹೆಪ್ಪುರೋಧಕವನ್ನೂ ಸೇವಿಸುತ್ತಿದ್ದ 79 ಮಂದಿಯಲ್ಲಿ ಇಬ್ಬರಿಗೆ ಮಿದುಳಿನಲ್ಲಿ ದೊಡ್ಡ ರಕ್ತಸ್ರಾವವಾಯಿತು. ಸಂಖ್ಯೆ ಚಿಕ್ಕದಾದರೂ ನಾನು ಅದನ್ನು ಕಡೆಗಣಿಸಲಾರೆ. ಅಮೆರಿಕದ ಔಷಧ ನಿಯಂತ್ರಕರು ಹೆಚ್ಚಿನ ಎಚ್ಚರಿಕೆ ಕೇಳುತ್ತಾರೆ. ಯುರೋಪಿನ 2025ರ ಅನುಮತಿಯಲ್ಲಂತೂ ಹೆಪ್ಪುರೋಧಕ ಸೇವಿಸುವವರಿಗೆ ಲೆಕಾನೆಮ್ಯಾಬ್ ನಿಷಿದ್ಧ.

ರಕ್ತದ ಕಿರುಬಿಲ್ಲೆಗಳು (ಪ್ಲೇಟ್‌ಲೆಟ್) ಅಂಟಿಕೊಳ್ಳದಂತೆ ತಡೆಯುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್‌ಗಳ ವಿಚಾರ ಬೇರೆ. ಸಾಮಾನ್ಯ ಪ್ರಮಾಣದಲ್ಲಿ ಅವನ್ನು ಸೇವಿಸುವವರಿಗೆ ಚಿಕಿತ್ಸೆ ಕೊಡಬಹುದೆಂದು ತಜ್ಞರ ಶಿಫಾರಸು ಇದೆ. ಮನೆಯವರು ಎಲ್ಲವನ್ನೂ ‘ರಕ್ತ ತೆಳುವಾಗಿಸುವ ಮಾತ್ರೆ’ ಎಂದೇ ಹೇಳುವುದರಿಂದ, ನಾನು ಯಾವಾಗಲೂ ಮಾತ್ರೆಯ ಪಟ್ಟಿಯನ್ನೇ ತೋರಿಸಲು ಕೇಳುತ್ತೇನೆ.

ಲಾಭವನ್ನೂ ತೂಗಿ ನೋಡಿ. ಆ 18 ತಿಂಗಳಲ್ಲಿ ಔಷಧ ಪಡೆಯದವರಿಗೆ ಹೋಲಿಸಿದರೆ ಸಿಕ್ಕ ವ್ಯತ್ಯಾಸ, ನೆನಪು ಮತ್ತು ದಿನನಿತ್ಯದ ಸಾಮರ್ಥ್ಯವನ್ನು ಅಳೆಯುವ 18 ಅಂಕಗಳ ಮಾಪನದಲ್ಲಿ 0.45 ಮಾತ್ರ. ಅಪಿಕ್ಸಾಬಾನ್ ನಿಲ್ಲಿಸಿದಾಗ ಹೃದಯದಿಂದ ಮಿದುಳಿಗೆ ಹೊರಟ ಒಂದೇ ಒಂದು ಹೆಪ್ಪು ಅದಕ್ಕಿಂತ ಎಷ್ಟೋ ಹೆಚ್ಚನ್ನು ಒಂದೇ ದಿನದಲ್ಲಿ ಕಿತ್ತುಕೊಳ್ಳಬಲ್ಲದು. ಹೆಪ್ಪುಗಳು ಹೆಚ್ಚಾಗಿ ಹುಟ್ಟುವ, ಹೃದಯದ ಎಡ ಮೇಲ್ಕೋಣೆಯ ಕಿರುಚೀಲವನ್ನು ಮುಚ್ಚುವ ವಿಧಾನ ತಾಯಿಯವರಿಗೆ ಒಗ್ಗುತ್ತದೆಯೇ ಎಂದು ಹೃದ್ರೋಗ ತಜ್ಞರನ್ನು ಕೇಳಬಹುದು, ಆದರೆ ಅದರ ನಂತರವೂ ಕೆಲಕಾಲ ಹೆಪ್ಪು ತಡೆಯುವ ಔಷಧ ಬೇಕಾಗುತ್ತದೆ. ಪ್ರತಿಕಾಯ ಆರಂಭವಾದ ಮೇಲೆ ಹೆಪ್ಪುರೋಧಕ ಅನಿವಾರ್ಯವಾದರೆ, ಪ್ರತಿಕಾಯವನ್ನೇ ತಡೆಹಿಡಿಯಬೇಕು.

ಮುಂದೆ ಎಂದಾದರೂ ಅವರು ಈ ಚಿಕಿತ್ಸೆ ಪಡೆದರೆ, ಅದರ ಹೆಸರು ಬರೆದ ಚೀಟಿಯೊಂದು ಸದಾ ಅವರ ಬಳಿ ಇರಲಿ. ಚಿಕಿತ್ಸೆಯಿಂದಾದ ಬಾವೂ ಪಾರ್ಶ್ವವಾಯುವಿನಂತೆಯೇ ಕಾಣಿಸಿಕೊಳ್ಳಬಹುದು. ಆಗ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಟ್ಟರೆ ಪ್ರಾಣಾಪಾಯವಿದೆ; ಹಾಗೆ 65 ವರ್ಷದ ರೋಗಿಯೊಬ್ಬರು ತೀರಿಕೊಂಡದ್ದು 2023ರ ಆರಂಭದಲ್ಲಿ ವರದಿಯಾಗಿದೆ. ತುರ್ತು ವಿಭಾಗದ ವೈದ್ಯರಿಗೆ ಮೊದಲು ತಿಳಿಯಬೇಕಾದದ್ದು ಆ ಚೀಟಿಯಲ್ಲಿರುವ ಹೆಸರು.