ಕೈಗಾದಿಂದ ಕಾಳಿಗೆ ಬಿಡುವ ನೀರನ್ನು ಅಳೆಯುವವರು ಯಾರು?

ಕಾರವಾರಕ್ಕೆ ವರ್ಗವಾಗಿದೆ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಕೈಗಾ ಅಣುವಿದ್ಯುತ್ ಸ್ಥಾವರದವರು ಕಾಳಿ ನದಿಗೆ ವಿಕಿರಣದ ನೀರು ಬಿಡುತ್ತಾರಂತೆ, ಇದನ್ನು ಸರ್ಕಾರದವರು ಯಾರಾದರೂ ನೋಡಿಕೊಳ್ಳುತ್ತಾರಾ ಎಂದು ಕೇಳಿದ್ದೀರಿ. ನನ್ನ ತವರು ಮಲ್ಲಾಪುರದ ಹತ್ತಿರ, ಈಗ ಇರುವುದು ಸದಾಶಿವಗಡದಲ್ಲಿ. ನಿಮ್ಮ ಈ ಪ್ರಶ್ನೆ ನಮ್ಮ ಮನೆಯಲ್ಲಿ ನಾನು ಚಿಕ್ಕವಳಿದ್ದಾಗಿನಿಂದ ಇದೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ: ಕಾರವಾರ ಪೇಟೆಯ ನಲ್ಲಿಗೆ ಬರುವುದು ಗಂಗಾವಳಿಯ ನೀರು, ಕಾಳಿಯದ್ದಲ್ಲ.

ನೀರು ಬಿಡುವುದು ನಿಜ. ಕೈಗಾದ ನಾಲ್ಕೂ ಘಟಕಗಳು ತಲಾ 220 ಮೆಗಾವ್ಯಾಟಿನವು, ಭಾರಜಲ (ಸಾಮಾನ್ಯ ನೀರಿಗಿಂತ ತೂಕದ ನೀರು) ಬಳಸುವಂಥವು. ರಿಯಾಕ್ಟರಿನೊಳಗೆ ಸುತ್ತುವ ಭಾರಜಲದಲ್ಲಿ ಟ್ರಿಟಿಯಂ ಹುಟ್ಟುತ್ತದೆ. ಅದು ವಿಕಿರಣ ಸೂಸುವ, ಹೈಡ್ರೋಜನ್ನಿನದೇ ಇನ್ನೊಂದು ರೂಪ, ನೀರಿನ ಅಣುವಿನಲ್ಲೇ ಸೇರಿಕೊಂಡಿರುತ್ತದೆ. ಹಾಗಾಗಿ ಅದನ್ನು ಸೋಸಿ ತೆಗೆಯಲಾಗುವುದಿಲ್ಲ. ತ್ಯಾಜ್ಯದ ನೀರನ್ನು ಟ್ಯಾಂಕುಗಳಲ್ಲಿ ಹಿಡಿದು, ಮಾದರಿ ಪರೀಕ್ಷಿಸಿ, ಬೇರೆ ವಿಕಿರಣ ವಸ್ತುಗಳನ್ನು ಸಾಧ್ಯವಾದಷ್ಟು ತೆಗೆದು, ಯಂತ್ರ ತಂಪು ಮಾಡಿ ಹೊರಬರುವ ದೊಡ್ಡ ಹರಿವಿಗೆ ಬೆರೆಸಿ ಕಾಳಿಗೆ ಕಟ್ಟಿದ ಕದ್ರಾ ಜಲಾಶಯಕ್ಕೆ ಬಿಡುತ್ತಾರೆ. ಎಷ್ಟು ಬಿಡಬಹುದೆಂದು ಮಿತಿ ಹಾಕುವುದು ಮುಂಬೈಯಲ್ಲಿರುವ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ. ಸ್ಥಾವರ ನಡೆಸಲು ಪರವಾನಗಿ ಕೊಡುವುದೂ ಅದೇ. ಸ್ಥಾವರದ ಸುತ್ತ ಇರುವ ಜನರಿಗೆ ಅದರಿಂದ ತಗಲುವ ವಿಕಿರಣ ವರ್ಷಕ್ಕೆ 1000 ಮೈಕ್ರೋಸೀವರ್ಟ್ (ಮೈಗೆ ತಗಲುವ ವಿಕಿರಣ ಅಳೆಯುವ ಮಾನ) ದಾಟಬಾರದು ಎಂಬುದು ನಿಯಮ. ಮಂಡಳಿ ಪ್ರಕಟಿಸುವ ವಾರ್ಷಿಕ ವರದಿಗಳ ಪ್ರಕಾರ ಕೈಗಾದ ಪಾಲು ಬೆರಳೆಣಿಕೆಯ ಮೈಕ್ರೋಸೀವರ್ಟ್. ಮಣ್ಣು, ಕಲ್ಲು, ಆಕಾಶದಿಂದ ಮನುಷ್ಯನಿಗೆ ತಾನಾಗಿ ತಗಲುವುದೇ ಜಗತ್ತಿನ ಸರಾಸರಿಯಲ್ಲಿ ಸುಮಾರು 2400.

ಸ್ಥಾವರದವರ ಲೆಕ್ಕವನ್ನಷ್ಟೇ ನಂಬಿ ಕೂರಬೇಕಾಗಿಲ್ಲ. ಬಾರ್ಕ್‌ನ (ಭಾಭಾ ಪರಮಾಣು ಸಂಶೋಧನಾ ಕೇಂದ್ರದ) ಪರಿಸರ ಸಮೀಕ್ಷಾ ಪ್ರಯೋಗಾಲಯದವರು ಸುತ್ತಲ ಊರುಗಳಿಂದ ನೀರು, ಹಾಲು, ಅಕ್ಕಿ, ತರಕಾರಿ, ಮೀನು ಒಯ್ದು ಪರೀಕ್ಷಿಸುತ್ತಾರೆ. ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ನೋಡುವುದು ಬಿಸಿನೀರು, ಕೊಳಚೆ ಇಂಥದ್ದನ್ನು. ವಿಕಿರಣ ಅವರ ಕೆಲಸವಲ್ಲ.

ನನಗೆ ಸಮಾಧಾನವಿಲ್ಲದಿರುವುದು ಆ ಅಂಕಿಗಳ ಬಗ್ಗೆ ಅಲ್ಲ, ಅಂಕಿ ಕೊಡುವವರು ಒಂದೇ ಮನೆಯವರು ಎಂಬುದರ ಬಗ್ಗೆ. ಸ್ಥಾವರ ನಡೆಸುವ ನಿಗಮ, ಹಾಲು ಅಳೆಯುವ ಬಾರ್ಕ್ ಎರಡೂ ಪರಮಾಣು ಶಕ್ತಿ ಇಲಾಖೆಯವು. 1983ರಲ್ಲಿ ಹುಟ್ಟಿದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ವರದಿ ಒಪ್ಪಿಸುತ್ತಿದ್ದದ್ದು ಪರಮಾಣು ಶಕ್ತಿ ಆಯೋಗಕ್ಕೆ. ಆ ಆಯೋಗದ ಅಧ್ಯಕ್ಷರೇ ಇಲಾಖೆಯ ಕಾರ್ಯದರ್ಶಿ. ಮಂಡಳಿಗೆ ಸ್ವತಂತ್ರ ಅಧಿಕಾರವಿಲ್ಲವೆಂದು ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲರೇ (ಸಿಎಜಿ) 2012ರಲ್ಲಿ ಬರೆದರು. ಅದಕ್ಕೆ ಶಾಸನದ ಬಲ ಕೊಡುವ ಕಾಯ್ದೆ ಬಂದದ್ದು 2025ರ ಡಿಸೆಂಬರಿನಲ್ಲಿ. ಅದೇ ಕಾಯ್ದೆ ಖಾಸಗಿಯವರಿಗೂ ಬಾಗಿಲು ತೆರೆದಿದೆ, ಹಾಗಾಗಿ ಕಾವಲು ಇನ್ನೂ ಬಿಗಿಯಾಗಬೇಕು.

2009ರ ನವೆಂಬರಿನಲ್ಲಿ ಕೈಗಾದೊಳಗಿನ ಕುಡಿಯುವ ನೀರಿನ ಕೂಲರಿಗೆ ಯಾರೋ ಬೇಕೆಂದೇ ಟ್ರಿಟಿಯಂ ಇದ್ದ ಭಾರಜಲ ಬೆರೆಸಿದ್ದರು. ನೌಕರರ ಮೂತ್ರವನ್ನು ವಾಡಿಕೆಯಂತೆ ಪರೀಕ್ಷಿಸುವಾಗ ಸಿಕ್ಕಿಬಿತ್ತು. ತಪಾಸಣೆ ಕೆಲಸ ಮಾಡಿತು, ನಿಜ. ಆದರೆ ಅಷ್ಟು ಭದ್ರತೆಯೊಳಗೆ ಆ ನೀರು ಒಬ್ಬನ ಕೈಗೆ ಸಿಕ್ಕಿತಲ್ಲ, ಅದು ನನ್ನನ್ನು ಇಂದಿಗೂ ಕಾಡುತ್ತದೆ. ಈಗ 700 ಮೆಗಾವ್ಯಾಟಿನ ಇನ್ನೆರಡು ಘಟಕಗಳಿಗೆ ಅಲ್ಲೇ ಜಾಗ ಸಿದ್ಧವಾಗುತ್ತಿದೆ. ನಮ್ಮ ಹಾಲು, ಮೀನಿನ ಅಳತೆ ಪ್ರತಿ ವರ್ಷ ಪಂಚಾಯ್ತಿಯ ಗೋಡೆಯ ಮೇಲೆ ಕನ್ನಡದಲ್ಲಿ ಅಂಟಬೇಕು, ನಮಗೂ ಇಲಾಖೆಗೂ ಸಂಬಂಧವಿಲ್ಲದ ಒಂದು ವಿಶ್ವವಿದ್ಯಾಲಯ ಅದನ್ನು ಮತ್ತೊಮ್ಮೆ ಅಳೆಯಬೇಕು ಎನ್ನುವುದು ನನ್ನ ಆಸೆ.

ಮಕ್ಕಳನ್ನು ಕರೆದುಕೊಂಡು ಬನ್ನಿ. ಕಾಳಿಯ ಬಳಚು (ಚಿಪ್ಪುಮೀನು) ನಮ್ಮ ಮನೆಯಲ್ಲಿ ಇವತ್ತಿಗೂ ಬೇಯುತ್ತದೆ, ನನ್ನ ಮಕ್ಕಳೂ ತಿನ್ನುತ್ತಾರೆ.