ಕೋಡಿಂಗ್ ಬರದವರು ಮನೆಯಲ್ಲೇ ಮ್ಯೂಸಿಕ್ ಸೀಕ್ವೆನ್ಸರ್ ಮಾಡಬಹುದಾ?

ಖಂಡಿತ ಮಾಡಬಹುದು. ಕೋಡಿಂಗ್ ಬರುವುದಿಲ್ಲ, ಸಾವಿರ ರೂಪಾಯಿಗಿಂತ ಜಾಸ್ತಿ ಖರ್ಚು ಮಾಡಲಾರೆ, ಆದರೂ ತಾನಾಗಿ ಸ್ವರ ನುಡಿಸುತ್ತಾ ಹೋಗುವ ಪೆಟ್ಟಿಗೆಯೊಂದನ್ನು ಕೈಯಾರೆ ಮಾಡಬೇಕು, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನಾನು ತುಮಕೂರಿನವಳು. ಓದಿದ್ದು ಬಿಕಾಂ. ಚಿಕ್ಕವಳಿದ್ದಾಗ ಆರು ವರ್ಷ ಸಂಗೀತ ಪಾಠಕ್ಕೆ ಹೋಗಿದ್ದೆ, ಅಷ್ಟೇ ಬಂಡವಾಳ. ನನ್ನ ಮೊದಲ ಸೀಕ್ವೆನ್ಸರ್ ಒಂದು ಪ್ಲಾಸ್ಟಿಕ್ ಟಿಫಿನ್ ಡಬ್ಬಿಯೊಳಗಿದೆ. ಒಟ್ಟು ಖರ್ಚು ಆರುನೂರರ ಆಸುಪಾಸು. ಈಗಲೂ ನುಡಿಯುತ್ತದೆ.

ಸೀಕ್ವೆನ್ಸರ್ ಅಂದರೆ ಯಾವುದೋ ವಿದೇಶಿ ಯಂತ್ರ ಅಂದುಕೊಳ್ಳಬೇಡಿ. ಪಾಠಕ್ಕೆ ಹೋದವರ ಮನೆಯಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಇರುತ್ತದಲ್ಲ, ಅದೂ ಸೀಕ್ವೆನ್ಸರೇ. ಪ, ಸ, ಸ, ಕೆಳಗಿನ ಸ. ನಾಲ್ಕು ಹೆಜ್ಜೆ, ಮತ್ತೆ ಮೊದಲಿಂದ. ಬೆಂಗಳೂರಿನ ಜಿ. ರಾಜ್‌ನಾರಾಯಣ್ ಎಂಜಿನಿಯರ್, ಜೊತೆಗೆ ಕೊಳಲು ನುಡಿಸುವವರು. 1970ರ ದಶಕದ ಕೊನೆಯಲ್ಲಿ ಅವರು ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ಮಾಡಿದರು. ಆಮೇಲೆ ಅವರ ರಾಡೆಲ್ ಕಂಪನಿಯಿಂದ ತಾಳ ಹಾಕುವ ತಾಳೋಮೀಟರ್ ಕೂಡ ಬಂತು. ಈ ಎರಡನ್ನೂ ಕೂಡಿಸಿದರೆ ಏನಾಗುತ್ತದೋ ಅದೇ ನೀವು ಮಾಡಲು ಹೊರಟಿರುವುದು: ತಾಳದ ಒಂದೊಂದು ಎಣಿಕೆಗೆ ಒಂದೊಂದು ಸ್ವರ.

ಇದರೊಳಗೆ ಮೂರು ಕೆಲಸ ನಡೆಯುತ್ತದೆ. ಒಬ್ಬ ಚಪ್ಪಾಳೆ ಹೊಡೆಯುತ್ತಾನೆ. ಒಬ್ಬ ಎಣಿಸುತ್ತಾನೆ. ಒಬ್ಬ ಹಾಡುತ್ತಾನೆ. ಚಪ್ಪಾಳೆಗೆ 555 ಟೈಮರ್ ಐಸಿ (ಐಸಿ ಅಂದರೆ ನಂಬರಿನ ಕಾಲುಗಳಿರುವ ಪುಟ್ಟ ಚಿಪ್). ಎಣಿಸಲು 4017 ಐಸಿ. ಹಾಡಲು ಇನ್ನೊಂದು 555. ಕೊನೆಗೆ ಸದ್ದು ದೊಡ್ಡದು ಮಾಡಲು ಎಲ್‌ಎಂ386 ಮತ್ತು ಒಂದು ಪುಟ್ಟ ಸ್ಪೀಕರ್. ಒಂದು ಸಾಲಿನ ಕೋಡ್ ಬೇಡ.

ಮೊದಲ ದಿನವೇ ಸದ್ದು ಬರಿಸಲು ಹೋಗಬೇಡಿ. ಬ್ರೆಡ್‌ಬೋರ್ಡ್ ಮೇಲೆ, ಅಂದರೆ ಬೆಸುಗೆ ಇಲ್ಲದೆ ವೈರ್ ಚುಚ್ಚುವ ತೂತಿನ ಹಲಗೆ ಮೇಲೆ, ಚಪ್ಪಾಳೆ ಮತ್ತು ಎಣಿಕೆ ಮಾತ್ರ ಕೂರಿಸಿ, ಎಂಟು ಎಲ್‌ಇಡಿ ಒಂದಾದ ಮೇಲೊಂದು ಹತ್ತುವುದನ್ನು ನೋಡಿ. 555ಕ್ಕೆ 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. 7ನೇ ಕಾಲಿನಿಂದ ಪ್ಲಸ್‌ಗೆ 10ಕೆ (ಹತ್ತು ಸಾವಿರ ಓಮ್) ರೆಸಿಸ್ಟರ್. 6 ಮತ್ತು 7ರ ನಡುವೆ ಇನ್ನೊಂದು 10ಕೆ, ಅದರ ಜೊತೆ ಸಾಲಾಗಿ 500ಕೆ ಪಾಟ್. ಪಾಟ್ ಅಂದರೆ ರೇಡಿಯೋ ರಿಪೇರಿಯವರು ವಾಲ್ಯೂಮ್ ಅನ್ನುತ್ತಾರಲ್ಲ, ಅದೇ. ಪೂರ್ತಿ ಒಂದು ಕಡೆ ತಿರುಗಿಸಿದರೆ ಸೆಕೆಂಡಿಗೆ ಒಂದೂವರೆ ಹೆಜ್ಜೆ. ಇನ್ನೊಂದು ಕಡೆ ತಿರುಗಿಸಿದರೆ ನಲವತ್ತೆಂಟರ ಹತ್ತಿರ ಹೋಗುತ್ತದೆ. ಅಲ್ಲಿ ತಾಳವೇ ಕಳೆದುಹೋಗಿ ಗೊರಗೊರ ಅನ್ನುವ ಸದ್ದು ಮಾತ್ರ ಉಳಿಯುತ್ತದೆ. ನನಗೆ ಹಿಡಿಸುವುದು ಸೆಕೆಂಡಿಗೆ ನಾಲ್ಕರಿಂದ ಎಂಟು ಹೆಜ್ಜೆ.

555ರ 3ನೇ ಕಾಲಿನಿಂದ ಬರುವ ಚಪ್ಪಾಳೆಯನ್ನು 4017ರ 14ನೇ ಕಾಲಿಗೆ ಕೊಡಿ. ಅದರ ಹತ್ತು ಔಟ್‌ಪುಟ್‌ಗಳು ಸಾಲಾಗಿ ಇಲ್ಲ, ಅದನ್ನು ಮೊದಲೇ ಬರೆದಿಟ್ಟುಕೊಳ್ಳಿ: 3, 2, 4, 7, 10, 1, 5, 6, 9, 11. ಈ ಕ್ರಮದಲ್ಲಿ ಅವು ಹತ್ತುತ್ತವೆ. 16 ಪ್ಲಸ್, 8 ಗ್ರೌಂಡ್, ಅಂದರೆ ಬ್ಯಾಟರಿಯ ಮೈನಸ್.

ಇಲ್ಲಿ ನಾನು ಮೂರು ಸಂಜೆ ಕಳೆದುಕೊಂಡೆ. ಎಲ್‌ಇಡಿಗಳು ಒಮ್ಮೆ ಓಡುತ್ತವೆ, ಒಮ್ಮೆ ನಿಂತುಬಿಡುತ್ತವೆ. ನಾನು ಕೈ ಹತ್ತಿರ ತಂದರೆ ಮತ್ತೆ ಓಡುತ್ತವೆ. ಐಸಿ ಕೆಟ್ಟಿದೆ ಅಂತ ಇನ್ನೊಂದು ತಂದು ಹಾಕಿದೆ. ಅದೂ ಹಾಗೇ. ನಮ್ಮ ದೊಡ್ಡಪ್ಪ ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಕನ್ನಡಕ ಏರಿಸಿಕೊಂಡು ಬಂದು ಒಂದು ನಿಮಿಷ ಸುಮ್ನೆ ನೋಡಿದರು. "ಪುಟ್ಟಿ, ಈ ಹದಿಮೂರನೇ ಕಾಲು ಎಲ್ಲಿಗೂ ಹೋಗಿಲ್ವಲ್ಲ?" ಅಂದರು. "ಅದರ ಕೆಲಸ ಇಲ್ಲ ದೊಡ್ಡಪ್ಪ, ಅದಕ್ಕೇ ಬಿಟ್ಟಿದ್ದೀನಿ" ಅಂದೆ. "ಕೆಲಸ ಇಲ್ಲದಿದ್ರೂ ಮನೆಗೆ ಕಟ್ಟು. ಬೀದಿಗೆ ಬಿಟ್ರೆ ಯಾರು ಕರೆದ್ರೂ ಓಡುತ್ತೆ."

ಅವರು ಹೇಳಿದ್ದು ನಿಜ. 13ನೇ ಕಾಲು ಎಣಿಕೆಯನ್ನು ತಡೆಯುವ ಕಾಲು. ಈ ಜಾತಿಯ ಐಸಿಗಳಲ್ಲಿ ಯಾವ ಇನ್‌ಪುಟ್ ಕಾಲನ್ನೂ ಗಾಳಿಗೆ ಬಿಡಬಾರದು. ನಮ್ಮ ಕೈಯ ವಿದ್ಯುತ್ತು, ಗೋಡೆಯ ವೈರಿಂಗ್‌ನ ವಿದ್ಯುತ್ತು, ಏನು ಸಿಕ್ಕರೂ ಅದನ್ನು ಸಿಗ್ನಲ್ ಅಂದುಕೊಳ್ಳುತ್ತದೆ. 13ನ್ನು ಗ್ರೌಂಡ್‌ಗೆ ಹಾಕಿದ ಕ್ಷಣ ಎಲ್ಲ ಸರಿಹೋಯಿತು. ಪ್ರತಿ ಐಸಿಯ ಪಕ್ಕದಲ್ಲೇ ಪ್ಲಸ್ ಮತ್ತು ಗ್ರೌಂಡ್ ನಡುವೆ ಒಂದೊಂದು 104 (ಅಂದರೆ 0.1 ಮೈಕ್ರೋಫ್ಯಾರಡ್) ಕೆಪಾಸಿಟರನ್ನೂ ಹಾಕಿ. ಇಲ್ಲದಿದ್ದರೆ ಎಣಿಕೆ ಆಗಾಗ ಒಂದು ಹೆಜ್ಜೆ ಹಾರುತ್ತದೆ.

ಈಗ ನನಗೆ ತುಂಬ ಇಷ್ಟವಾದ ಭಾಗ. 4017ರ 15ನೇ ಕಾಲು ರೀಸೆಟ್. ಅದಕ್ಕೆ ವಿದ್ಯುತ್ ಸಿಕ್ಕ ತಕ್ಷಣ ಎಣಿಕೆ ಮೊದಲ ಹೆಜ್ಜೆಗೆ ವಾಪಸ್ ಬರುತ್ತದೆ. ಒಂಬತ್ತನೇ ಔಟ್‌ಪುಟ್ಟಿನಿಂದ, ಅಂದರೆ 9ನೇ ಕಾಲಿನಿಂದ, ಅಲ್ಲಿಗೆ ಒಂದು ವೈರ್ ಎಳೆದರೆ ಎಂಟು ಹೆಜ್ಜೆಯ ಸುತ್ತು ಸಿಗುತ್ತದೆ. ಇಂಟರ್ನೆಟ್‌ನಲ್ಲಿ ನೋಡುವ ಹೆಚ್ಚಿನ ಸರ್ಕ್ಯೂಟ್‌ಗಳು ಇಲ್ಲಿಗೇ ನಿಲ್ಲುತ್ತವೆ. ಎಂಟು, ಇಲ್ಲವೇ ಹದಿನಾರು. ನಾನೂ ಒಂದು ವಾರ ಎಂಟರಲ್ಲೇ ಇದ್ದೆ. ಆದಿ ತಾಳಕ್ಕೆ ಹೊಂದುತ್ತಿತ್ತು, ಸರಿ. ಆದರೆ ಎಲ್ಲೋ ಮೊಬೈಲ್ ರಿಂಗ್‌ಟೋನ್ ಕೇಳಿದ ಹಾಗೇ ಇತ್ತು.

ಒಂದು ರಾತ್ರಿ ಆ ವೈರನ್ನು ಕಿತ್ತು 6ನೇ ಕಾಲಿಗೆ ಚುಚ್ಚಿದೆ. ಏಳು ಹೆಜ್ಜೆ. ತ ಕಿ ಟ, ತ ಕ ಧಿ ಮಿ. ಮಿಶ್ರ ಚಾಪು! ಪಾಠದಲ್ಲಿ ತೊಡೆ ಕೆಂಪಾಗುವವರೆಗೆ ತಟ್ಟಿ ಕಲಿತ ತಾಳ ಟಿಫಿನ್ ಡಬ್ಬಿಯಿಂದ ಬರುತ್ತಿತ್ತು. ಅಮ್ಮ ಅಡುಗೆಮನೆಯಿಂದ ತಾಳ ಹಾಕಿಕೊಂಡೇ ಹೊರಗೆ ಬಂದರು. ವೈರ್ 1ನೇ ಕಾಲಿಗೆ ಬಂದರೆ ಐದು: ತ ಕ, ತ ಕಿ ಟ, ಖಂಡ ಚಾಪು. 5ನೇ ಕಾಲಿಗೆ ಬಂದರೆ ಆರು, ರೂಪಕ. ಬದಲಾಗುವುದು ಒಂದೇ ಒಂದು ವೈರ್. ಆಮೇಲೆ ಇದಕ್ಕೆ ಒಂದು ರೋಟರಿ ಸ್ವಿಚ್ ಹಾಕಿದೆ, ಮೇಲೆ ಸ್ಕೆಚ್ ಪೆನ್ನಿನಲ್ಲಿ 5, 6, 7, 8 ಅಂತ ಬರೆದೆ. ಸ್ವಿಚ್ ತಿರುಗುವಾಗ 15ನೇ ಕಾಲು ಒಂದು ಕ್ಷಣ ಗಾಳಿಯಲ್ಲಿರುತ್ತದೆ, ಅದಕ್ಕೆ ಅಲ್ಲಿಂದ ಗ್ರೌಂಡ್‌ಗೆ 100ಕೆ ರೆಸಿಸ್ಟರ್ ಬೇಕು. ನೀವು ಬೇರೆ ಏನು ಬಿಟ್ಟರೂ ಈ ಸ್ವಿಚ್ ಬಿಡಬೇಡಿ ಅನ್ನುವುದು ನನ್ನ ಕೋರಿಕೆ. ಅಂಗಡಿಯಲ್ಲಿ ಸಿಗುವ ಅಗ್ಗದ ಕೀಬೋರ್ಡ್‌ಗಳ ರಿದಮ್‌ನಲ್ಲಿ ಮೂರು, ನಾಲ್ಕರ ಎಣಿಕೆಯದೇ ರಾಜ್ಯ. ನಮ್ಮ ಪೆಟ್ಟಿಗೆಗೆ ನಮ್ಮ ಎಣಿಕೆ ಇರಬೇಕಲ್ವಾ?

ಇನ್ನು ಹಾಡುವವನು. 4017ರ ಪ್ರತಿ ಔಟ್‌ಪುಟ್ಟಿನಿಂದ ಒಂದು 10ಕೆ ರೆಸಿಸ್ಟರ್, ಅದರ ಹಿಂದೆ ಒಂದು 100ಕೆ ಪಾಟ್, ಅದರ ಹಿಂದೆ ಒಂದು 1ಎನ್4148 ಡಯೋಡ್. ಎಂಟು ಡಯೋಡ್‌ಗಳ ಗೆರೆ ಇರುವ ತುದಿಗಳನ್ನು ಒಟ್ಟಿಗೆ ಸೇರಿಸಿ ಎರಡನೇ 555ರ 7ನೇ ಕಾಲಿಗೆ ಕೊಡಿ. 7 ಮತ್ತು 6ರ ನಡುವೆ 4.7ಕೆ, 6 ಮತ್ತು 2 ಒಟ್ಟಿಗೆ, ಅಲ್ಲಿಂದ ಗ್ರೌಂಡ್‌ಗೆ 0.1 ಮೈಕ್ರೋಫ್ಯಾರಡ್. ಆ ಹೆಜ್ಜೆ ಬಂದಾಗ ಆ ಪಾಟ್ ಎಷ್ಟು ತಡೆಯುತ್ತದೋ ಅಷ್ಟು ಸ್ವರ. ಸುಮಾರು 120 ಹರ್ಟ್ಜ್‌ನಿಂದ 740ರವರೆಗೆ ಸಿಗುತ್ತದೆ, ಎರಡೂವರೆ ಸ್ಥಾಯಿ. ಡಯೋಡ್ ಯಾಕೆ ಅಂದರೆ, ಒಂದು ಹೆಜ್ಜೆ ಹತ್ತಿದಾಗ ಉಳಿದ ಏಳೂ ಸೊನ್ನೆಯಲ್ಲಿರುತ್ತವೆ. ಡಯೋಡ್ ಇಲ್ಲದಿದ್ದರೆ ಹತ್ತಿದವನ ವಿದ್ಯುತ್ತನ್ನು ಉಳಿದವರು ಹಂಚಿಕೊಂಡುಬಿಡುತ್ತಾರೆ. ಪಾಟ್ ಪಕ್ಕ ಒಂದೊಂದು ಪುಟ್ಟ ಸ್ವಿಚ್ ಕೂಡ ಹಾಕಿದರೆ, ಆಫ್ ಮಾಡಿದ ಹೆಜ್ಜೆಯಲ್ಲಿ ಮೌನ ಬರುತ್ತದೆ. ತಾಳಕ್ಕೆ ಮೌನವೂ ಬೇಕು. ಎಲ್‌ಇಡಿಗೆ 4.7ಕೆ ರೆಸಿಸ್ಟರ್ ಸಾಕು, ಕಮ್ಮಿ ಹಾಕಿದರೆ ಅದೇ ವಿದ್ಯುತ್ ತಿಂದು ಸ್ವರ ಇಳಿಸುತ್ತದೆ.

ಶ್ರುತಿ ಮಾಡುವುದು ನಿಧಾನದ ಕೆಲಸ. ಮೊಬೈಲ್‌ನಲ್ಲಿ ಹರ್ಟ್ಜ್ ತೋರಿಸುವ ಟ್ಯೂನರ್ ಆಪ್ ಹಾಕಿಕೊಳ್ಳಿ. ನಾನು ಮೊದಲು ಕೂರಿಸಿದ್ದು ಮೋಹನ. ಸ 240 ಇಟ್ಟರೆ ಲೆಕ್ಕ ಸುಲಭ: ರಿ 270, ಗ 300, ಪ 360, ದ 400, ಮೇಲಿನ ಸ 480. ಕೀಬೋರ್ಡ್‌ನ ಗಾಂಧಾರ ಈ 5:4ರ ಗಾಂಧಾರಕ್ಕಿಂತ ಒಂಚೂರು ಮೇಲೆ ಇರುತ್ತದೆ, ತಂಬೂರಿ ಜೊತೆ ಕೇಳಿದರೆ ಗೊತ್ತಾಗುತ್ತದೆ. ಪಾಟ್‌ನಲ್ಲಿ ಆ ತೊಂದರೆ ಇಲ್ಲ, ಕಿವಿಗೆ ಒಪ್ಪುವವರೆಗೆ ತಿರುಗಿಸಬಹುದು. ಗಮಕ ಮಾತ್ರ ಇದರಿಂದ ಬರುವುದಿಲ್ಲ, ಆ ಆಸೆ ಇಟ್ಟುಕೊಳ್ಳಬೇಡಿ. ಆದರೂ 1982ರಲ್ಲೇ ಮುಂಬೈನ ಚರಣ್‌ಜಿತ್ ಸಿಂಗ್ ಒಳಗೇ ಸೀಕ್ವೆನ್ಸರ್ ಇರುವ ರೋಲ್ಯಾಂಡ್ ಟಿಬಿ-303 ಸಿಂಥಸೈಸರ್ ಇಟ್ಟುಕೊಂಡು ಹತ್ತು ರಾಗಗಳ ಎಲ್‌ಪಿ ತಂದರು. ಅದನ್ನು ಕೇಳಿದ ಮೇಲೆ ಹೆಜ್ಜೆಯ ಸ್ವರಗಳಲ್ಲೂ ರಾಗದ ಛಾಯೆ ಬರುತ್ತದೆ ಅಂತ ನನಗೆ ಧೈರ್ಯ ಬಂತು.

ಏಪ್ರಿಲ್ ಮಧ್ಯಾಹ್ನ ಶೀಟಿನ ಮನೆಯಲ್ಲಿ ಶ್ರುತಿ ಮಾಡಿಟ್ಟರೆ ಸಂಜೆಗೆ ಕದಲಿರುತ್ತದೆ. ತಮಟೆಯವರು ಬೆಂಕಿಗೆ ಕಾಯಿಸದೆ ಬಾರಿಸುವುದಿಲ್ಲವಲ್ಲ, ಹಾಗೆ ಇದನ್ನೂ ಹತ್ತು ನಿಮಿಷ ಆನ್ ಮಾಡಿಟ್ಟು ಆಮೇಲೆ ಶ್ರುತಿ ಮಾಡಿ. ಹಾಡುವ 555ಕ್ಕೆ ಬಿಲ್ಲೆಯಂಥ ಸೆರಾಮಿಕ್ ಕೆಪಾಸಿಟರ್ ಬೇಡ, ಪಾಲಿಯೆಸ್ಟರ್ ಕೇಳಿ ತೆಗೆದುಕೊಳ್ಳಿ. ಬಿಸಿಗೆ ಅದು ಕಮ್ಮಿ ಕದಲುತ್ತದೆ.

ಚಪ್ಪಾಳೆಯ 555ಕ್ಕೂ ಇದೇ ಕಾಯಿಲೆ. ಅದಕ್ಕೆ ಮದ್ದು ಕೊಟ್ಟವರೂ ದೊಡ್ಡಪ್ಪನೇ. ಕೆಟ್ಟುಹೋದ ಗೋಡೆ ಗಡಿಯಾರದಿಂದ ಅಕ್ಕಿ ಕಾಳಿಗಿಂತ ಒಂಚೂರು ದಪ್ಪದ ಕ್ವಾರ್ಟ್ಜ್ ಹರಳು ಕಿತ್ತುಕೊಟ್ಟರು. ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಹದಿನೈದು ಸಲ ಅರ್ಧ ಮಾಡುತ್ತಾ ಹೋದರೆ ಸರಿಯಾಗಿ ಒಂದು. ಗಡಿಯಾರದ ಸೆಕೆಂಡ್ ಹುಟ್ಟುವುದು ಹೀಗೆ. 4060 ಅನ್ನುವ ಐಸಿ ಹದಿನಾಲ್ಕು ಸಲದವರೆಗೆ ಅರ್ಧ ಮಾಡುತ್ತದೆ. ಅದರ 3ನೇ ಕಾಲಿನಲ್ಲಿ ಸೆಕೆಂಡಿಗೆ ಎರಡು, 1ನೇ ಕಾಲಿನಲ್ಲಿ ಸೆಕೆಂಡಿಗೆ ಎಂಟು ಚಪ್ಪಾಳೆ ಸಿಗುತ್ತದೆ. ನಿಮಿಷಕ್ಕೆ 120 ಬೀಟ್, ಪ್ರತಿ ಬೀಟ್‌ಗೆ ನಾಲ್ಕು ಹೆಜ್ಜೆ ಅಂದರೆ ಇದೇ. ಕಾಲ ಒಂಚೂರೂ ಅಲುಗಾಡುವುದಿಲ್ಲ. ಆದರೆ ಕಾಲವನ್ನು ಎರಡರಷ್ಟು ಅಥವಾ ಅರ್ಧ ಮಾಡಬಹುದೇ ಹೊರತು ನಡುವಿನ ವೇಗ ಸಿಗುವುದಿಲ್ಲ. ಒಂದನೇ ಕಾಲ, ಎರಡನೇ ಕಾಲ ಸಾಧನೆಗೆ ಇದಕ್ಕಿಂತ ಒಳ್ಳೆಯದು ಬೇಕಿಲ್ಲ. ನನ್ನ ಡಬ್ಬಿಯಲ್ಲಿ ಎರಡೂ ಇದೆ, ಸ್ವಿಚ್‌ನಲ್ಲಿ ಬದಲಿಸುತ್ತೇನೆ.

ಕರೆಂಟಿಗೆ ಚೌಕದ 9 ವೋಲ್ಟ್ ಬ್ಯಾಟರಿಯೇ ಸಾಕು. ನಾನು ಅಗ್ಗದ ಅಡಾಪ್ಟರ್ ಹಾಕಿ ನೋಡಿದೆ, ಸ್ವರದ ಹಿಂದೆ ಗುಂಯ್ ಅಂತ ಇನ್ನೊಂದು ಶ್ರುತಿ ಸೇರಿಕೊಂಡಿತು. ಸಾಮಾನು ಒಂದಷ್ಟು ನಿಮ್ಮೂರಿನ ಟಿವಿ ರಿಪೇರಿ ಅಂಗಡಿಯಲ್ಲೇ ಸಿಗುತ್ತದೆ. ಎಲ್ಲ ಒಂದೇ ಕಡೆ ಬೇಕೆಂದರೆ ಬೆಂಗಳೂರಿನ ಎಸ್‌ಪಿ ರೋಡ್. ತುಮಕೂರಿನಿಂದ ರೈಲಿನಲ್ಲಿ ಮೆಜೆಸ್ಟಿಕ್, ಅಲ್ಲಿಂದ ಹಸಿರು ಮೆಟ್ರೋದಲ್ಲಿ ಒಂದೇ ಸ್ಟಾಪ್, ಚಿಕ್ಕಪೇಟೆ. ಐಸಿಗಳನ್ನು ಎರಡೆರಡು ತನ್ನಿ, ಒಂದು ಸುಟ್ಟರೆ ಇನ್ನೊಂದಕ್ಕೋಸ್ಕರ ಮತ್ತೆ ಬೆಂಗಳೂರಿಗೆ ಹೋಗುವುದು ತಪ್ಪುತ್ತದೆ.

ಆರ್ಡುಯಿನೋದಲ್ಲಿ, ಅಂದರೆ ಕೋಡ್ ಬರೆದು ನಡೆಸುವ ಪುಟ್ಟ ಬೋರ್ಡ್‌ನಲ್ಲಿ, ಮಾಡಿ ಅಂತ ಇನ್ನೊಬ್ಬರು ನಿಮಗೆ ಹೇಳಿದ್ದಾರಂತೆ. ಅದೂ ಒಳ್ಳೆಯ ದಾರಿಯೇ. ಪ್ಯಾಟರ್ನ್ ನೆನಪಿಟ್ಟುಕೊಳ್ಳುತ್ತದೆ, ಕಂಪ್ಯೂಟರಿನ ಸಂಗೀತ ಸಾಫ್ಟ್‌ವೇರ್‌ಗೆ ಮಿಡಿ ಕಳಿಸುತ್ತದೆ. ಮಿಡಿ ಅಂದರೆ ಸಂಗೀತದ ಯಂತ್ರಗಳು ಒಂದಕ್ಕೊಂದು ಮಾತಾಡಲು 1983ರಿಂದ ಇರುವ ಭಾಷೆ. ಆದರೆ ಮೊದಲು ಐಸಿಯಲ್ಲಿ ಮಾಡಿ ಅನ್ನುತ್ತೇನೆ. ಎಣಿಕೆ ಎಲ್ಲಿ ನಡೆಯುತ್ತದೆ, ಸ್ವರ ಎಲ್ಲಿ ಹುಟ್ಟುತ್ತದೆ ಅಂತ ಬೆರಳಿಟ್ಟು ತೋರಿಸಲು ಆಗಬೇಕು. ಒಂದು ವೈರ್ ಕಿತ್ತರೆ ತಾಳ ಬದಲಾಗುವುದನ್ನು ಕಿವಿಯಾರೆ ಕೇಳಬೇಕು. ಆಮೇಲೆ ಕೋಡ್ ಕಲಿತಾಗ ಯಾವ ಸಾಲು ಯಾವ ಕೆಲಸ ಮಾಡುತ್ತಿದೆ ಅಂತ ತಾನಾಗಿ ಗೊತ್ತಾಗುತ್ತದೆ. ಅಲ್ಲಿಗೆ ಹೋದಾಗ ಬೋರ್ಡನ್ನು ಕಾಯಿಸುವ ಡಿಲೇ ಅನ್ನುವ ಆದೇಶ ಬಳಸಬೇಡಿ, ಎಷ್ಟು ಹೊತ್ತಾಯಿತು ಅಂತ ಹೇಳುವ ಮಿಲ್ಲಿಸ್ ಬಳಸಿ. ಡಿಲೇ ಹಾಕಿದರೆ ಅಷ್ಟು ಹೊತ್ತು ಬೋರ್ಡ್ ನಿಮ್ಮ ಪಾಟ್, ಬಟನ್ ಯಾವುದನ್ನೂ ನೋಡುವುದಿಲ್ಲ.

ಎಲ್‌ಇಡಿ ಓಡುವ ಹಂತಕ್ಕೆ ಬಂದ ಮೇಲೆ ಎಲ್ಲಾದರೂ ನಿಂತುಹೋದರೆ, ಬ್ರೆಡ್‌ಬೋರ್ಡ್‌ನ ಫೋಟೋ ಮೇಲಿನಿಂದ ನೇರವಾಗಿ ತೆಗೆದು ಇಲ್ಲೇ ಹಾಕಿ. ಮೊದಲು ಹದಿಮೂರನೇ ಕಾಲು ನೋಡುತ್ತೇನೆ.